ಫ್ಯಾನ್ ಮೊದಲು, ಹೀಟರ್ ಆಮೇಲೆ

ಸೋಲದೇವನಹಳ್ಳಿ
14 ಜೂನ್ 2015, ಭಾನುವಾರ

ಇಂದುವಿಗೆ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಕೆಲಸ. ಈ ಕಾಗದವನ್ನು ಲಾಲ್ ಸಾಬ್ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರ, ಬುಧವಾರ ಅವನು ಕೋಳಿಮರಿಗಳ ವ್ಯಾನು ತೆಗೆದುಕೊಂಡು ಶಿವಾಜಿನಗರಕ್ಕೆ ಹೋಗುವುದು ಈಗಲೂ ಉಂಟು. ಆರ್.ಟಿ. ನಗರ ದಾರಿಯಲ್ಲೇ ಸಿಗುತ್ತದೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಒಂದು ಅನ್ನುತ್ತೀಯ, ನಾನು ಎರಡು ಅನ್ನುತ್ತೇನೆ. ಕಾಗದದಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಲೇಬೇಕು.

ವಿಷಯ ಇದು. ಗುರುವಾರ ಬೆಳಗ್ಗೆ ಹತ್ತೂವರೆಗೆ ಕರೆಂಟ್ ಹೋಯಿತು. ಜನರೇಟರ್ ಹಾಕಿದೆವು. ಆರು ವರ್ಷದ ಹಿಂದೆ ನೀನು ನಮ್ಮ ಹ್ಯಾಚರಿಯಲ್ಲಿ ಕೂರಿಸಿದ ಕಂಪ್ಯೂಟರ್ ತಾನು ಎದ್ದು, ಕಾವಿನ ದೊಡ್ಡ ಮೆಷಿನ್ನಿನಲ್ಲಿ ಇರುವುದನ್ನೆಲ್ಲ ಎಂದಿನ ಹಾಗೆ ಎಬ್ಬಿಸಬೇಕಿತ್ತು. ಮೊದಲು ಫ್ಯಾನ್, ಅದು ಚೆನ್ನಾಗಿ ತಿರುಗಲು ಶುರುವಾದ ಮೇಲೆ ಹೀಟರ್, ಆಮೇಲೆ ತೇವಕ್ಕೆ ನೀರು, ಆಮೇಲೆ ಟ್ರೇಗಳನ್ನು ಓಲಿಸುವ ಮೋಟರ್. ಆರು ವರ್ಷ ಅದು ಈ ಕ್ರಮ ಬಿಟ್ಟಿರಲಿಲ್ಲ. ಗುರುವಾರ ಎಲ್ಲವೂ ಒಟ್ಟಿಗೆ ಎದ್ದವು. ಜನರೇಟರ್ ಒಮ್ಮೆ ಮುಕ್ಕರಿಸಿತು. ಫ್ಯಾನಿನ ಸ್ವಿಚ್ ಟ್ರಿಪ್ ಆಗಿ ಬಿದ್ದುಹೋಯಿತು, ಹೀಟರ್ ಮಾತ್ರ ಉರಿಯುತ್ತ ಕುಳಿತಿತು. ಶಾಖ ಅಳೆಯುವ ಕಡ್ಡಿ ಇರುವುದು ಕೆಳಗೆ. ಫ್ಯಾನಿಲ್ಲದೆ ಕೆಳಗೆ ತಣ್ಣಗೇ ಇತ್ತು, ಹಾಗಾಗಿ ಹೀಟರಿಗೆ ಸಾಕು ಎನ್ನುವವರು ಯಾರೂ ಇರಲಿಲ್ಲ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಮೇಲಿನ ಎರಡು ಸಾಲಿನ ಆರುನೂರು ಮೊಟ್ಟೆ ಬೆಂದಿದ್ದವು. ಹದಿನಾರು ದಿನದ ಮೊಟ್ಟೆ. ಒಡೆದು ನೋಡಿದರೆ ಮರಿಗೆ ಪುಕ್ಕ ಬಂದಿತ್ತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಆದದ್ದು ಹೇಗೆಂದರೆ, ಹಿಂದಿನ ವಾರ ನಿನ್ನ ಮೈದುನ ಶರತ್ ಯಶವಂತಪುರದಿಂದ ಯಾರನ್ನೋ ಕರೆತಂದು ಕಂಪ್ಯೂಟರಿಗೆ, ಅದನ್ನು ನಡೆಸುವ ಸಾಫ್ಟ್‌ವೇರಂತೆ, ಹೊಸ ಲಿನಕ್ಸ್ ಹಾಕಿಸಿದ್ದ. ಬೆಂದ ಟ್ರೇ ಮುಂದೆ ನಿಂತುಕೊಂಡು ನನಗೆ ಪಾಠ ಮಾಡಿದ.

"ಅಮ್ಮ, ಹೊಸದ್ರಲ್ಲಿ ಸ್ಟಾರ್ಟ್ ಮಾಡೋ ಸಿಸ್ಟಮ್ಮೇ ಬೇರೆ. ಮೊದ್ಲು ಒಂದಾದ್ಮೇಲೆ ಒಂದು ಏಳ್ತಿತ್ತು. ಈಗ ಎಲ್ಲಾ ಒಟ್ಟಿಗೇ ಏಳುತ್ತೆ. ಬೇಗ ಆಗುತ್ತೆ."

"ಬೇಗ ಯಾರಿಗೋ ಬೇಕಾಗಿತ್ತು? ಮರಿ ಆಗೋಕೆ ಇಪ್ಪತ್ತೊಂದು ದಿನ ಬೇಕು," ಎಂದೆ.

ಮಾಕಳಿಯ ಹೆಣ್ಣುಮಕ್ಕಳ ಸಂಘಕ್ಕೆ ಆಗಸ್ಟ್ ಏಳಕ್ಕೆ ನಾಲ್ಕು ಸಾವಿರ ಗಿರಿರಾಜ ತಳಿಯ ಮರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ನಲವತ್ತು ಮನೆಯವರು ಗೂಡು ಕಟ್ಟಿಸಿಕೊಂಡು ಕಾದಿದ್ದಾರೆ. ಜುಲೈ ಹದಿನೇಳಕ್ಕೆ ಮೊಟ್ಟೆ ಕಾವಿಗೆ ಕೂರಬೇಕು. ಅಷ್ಟರೊಳಗೆ ಕಂಪ್ಯೂಟರ್ ಮೊದಲಿನ ಹಾಗಾಗಬೇಕು. ಅದರೊಳಗೆ ಬರೆದವಳು ನೀನು, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬೇರೆ ಕಾರಣವಿಲ್ಲ.

ಇದನ್ನು ಅಶ್ವತ್ಥನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಗಂಡನಾದರೂ ನನ್ನ ಮಗನೂ ಹೌದು.

ಆಶೀರ್ವಾದ.

ಸುಬ್ಬಮ್ಮ


ಆರ್.ಟಿ. ನಗರ
17 ಜೂನ್ 2015

ಅತ್ತೆಯವರಿಗೆ ನಮಸ್ಕಾರ.

ಲಾಲ್ ಸಾಬ್ ಬಾಗಿಲಲ್ಲಿ ನಿಂತಿದ್ದಾರೆ. "ಉತ್ತರ ಇಲ್ದೆ ಬರಬ್ಯಾಡ ಅಂದವ್ರೆ ಅಮ್ಮ. ವ್ಯಾನಲ್ಲಿ ಮರಿ ಕಿರುಚ್ತಾ ಅವೆ, ಜಲ್ದಿ ಬರೀರಿ," ಎನ್ನುತ್ತಿದ್ದಾರೆ. ಭಾನುವಾರವೂ ಹೀಗೇ ಅವಸರ ಮಾಡಿದ್ದರು, ಬುಧವಾರ ಕೊಡುತ್ತೇನೆಂದು ಕಳಿಸಿದ್ದೆ. ನಿನ್ನೆ ಸಂಜೆ ಪಾಲಿಟೆಕ್ನಿಕ್‌ನಿಂದ ಬಂದವಳೇ ಮುಕ್ಕಾಲು ಭಾಗ ಬರೆದಿಟ್ಟಿದ್ದೇನೆ.

ಆರುನೂರು ಮೊಟ್ಟೆಯ ವಿಷಯ ಓದಿ ಬೇಜಾರಾಯಿತು. ತಪ್ಪು ಶರತ್‌ನದಲ್ಲ, ಹೊಸ ಲಿನಕ್ಸಿನದೂ ಅಲ್ಲ, ನನ್ನದು. ಹೇಗೆಂದು ಹೇಳುತ್ತೇನೆ.

ಕಂಪ್ಯೂಟರ್ ಎದ್ದಾಗ ಎಲ್ಲಕ್ಕಿಂತ ಮೊದಲು ಏಳುವ ಒಂದು ಪ್ರೋಗ್ರಾಂ ಇದೆ. ಮಿಕ್ಕವರನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರೆ ಸಾಕಿತ್ತು. ಫ್ಯಾನಿಗೆ ಇಪ್ಪತ್ತು, ಹೀಟರಿಗೆ ಮೂವತ್ತು ಎಂದು ಕೊಟ್ಟಿದ್ದೆ. ಹೊಸ ಆವೃತ್ತಿಯಲ್ಲಿ ಆ ಎಬ್ಬಿಸುವ ಪ್ರೋಗ್ರಾಂ ಬದಲಾಗಿದೆ. ಅದು ಸಂಖ್ಯೆಯನ್ನು ನಂಬಿ ಕೂರುವುದಿಲ್ಲ. ಯಾರಿಗೆ ಯಾರು ಬೇಕು ಎಂದು ಕೇಳುತ್ತದೆ. ಯಾರೂ ಬೇಡ ಎಂದರೆ ಕಾಯದೆ ಎಬ್ಬಿಸಿಬಿಡುತ್ತದೆ. ಹೀಟರಿಗೆ ಫ್ಯಾನ್ ಬೇಕು ಎಂದು ನಾನು ಎಲ್ಲಿಯೂ ಬರೆದಿರಲಿಲ್ಲ. ನೀವು ನನಗೆ ಹೇಳಿದ್ದು ಫ್ಯಾನ್ ಮೊದಲು, ಹೀಟರ್ ಆಮೇಲೆ ಎಂದು. ನಾನು ಅಷ್ಟನ್ನೇ ಬರೆದೆ.

ಹಳೆಯ ಪದ್ಧತಿಯನ್ನೇ ವಾಪಸ್ ಹಾಕಲು ಆಗುತ್ತದೆ. ಇದು ಯಾರ ಸ್ವತ್ತೂ ಅಲ್ಲದ, ಪ್ರಪಂಚದವರೆಲ್ಲ ಸೇರಿ ಬರೆಯುವ ಸಾಫ್ಟ್‌ವೇರ್. ಬೇಡವಾದದ್ದನ್ನು ಬದಲಾಯಿಸಿಕೊಳ್ಳಬಹುದು. ಈ ಒಂದು ವಿಷಯಕ್ಕೆ ಅವರವರಲ್ಲೇ ವರ್ಷಗಟ್ಟಲೆ ಜಗಳವಾಗಿದೆ. ಹಳೆಯದೇ ಸಾಕು ಎಂದ ಕೆಲವರು ಬೇರೆ ಮನೆ ಮಾಡಿಕೊಂಡು ಹೋಗಿದ್ದಾರೆ.

ಆದರೆ ನನ್ನನ್ನು ಕೇಳಿದರೆ ಹೊಸದೇ ಇರಲಿ. ನೀವು ಒಂದು ಪಟ್ಟಿ ಬರೆದುಕೊಡಿ. ಕ್ರಮ ಬೇಡ. ಹೀಟರಿಗೆ ಯಾರು ಬೇಕು, ಏಕೆ ಬೇಕು, ಅವರು ಬರದಿದ್ದರೆ ಏನಾಗುತ್ತದೆ. ಒಂದೊಂದಕ್ಕೂ ಹೀಗೆ ಬರೆಯಿರಿ. ಮಿಕ್ಕದ್ದು ನಾನು ಮಾಡುತ್ತೇನೆ. ಅಲ್ಲಿಯವರೆಗೆ ಕರೆಂಟ್ ಹೋದಾಗ ಹೀಟರಿನ ಸ್ವಿಚ್ಚನ್ನು ಕೈಯಿಂದ ಆರಿಸಿಡಲು ಶರತ್‌ಗೆ ಹೇಳಿ.

ನಮ್ಮ ಮನೆಯವರೂ ನಿಮ್ಮ ಕಾಗದ ಓದಿದರು. ಮೇಲಿನ ಸಾಲಿನ ಮೊಟ್ಟೆ ಯಾವ ಫಾರ್ಮಿನದು ಎಂದು ಕೇಳಿದರು.

ಇಂದು


ಸೋಲದೇವನಹಳ್ಳಿ
21 ಜೂನ್ 2015, ಭಾನುವಾರ

ಇಂದುವಿಗೆ,

ನಿನ್ನ ಅಕ್ಷರ ಮೊದಲಿಗಿಂತ ಚೆನ್ನಾಗಿದೆ. ಬೋರ್ಡಿನ ಮೇಲೆ ಬರೆದು ಅಭ್ಯಾಸವಾಗಿರಬೇಕು.

ಹಳೆಯದು ಸಾಕು ಎಂದವರು ಬೇರೆ ಮನೆ ಮಾಡಿಕೊಂಡರು ಎಂದು ಬರೆದಿದ್ದೀಯ. ನಮ್ಮಲ್ಲಿ ಹೊಸದು ಬೇಕು ಎಂದವರು ಹೋದರು. ನೀನು ಹೇಳಿದವರೂ ಆರ್.ಟಿ. ನಗರದಲ್ಲೇ ಮನೆ ಹಿಡಿದಿದ್ದಾರೋ?

ಪಟ್ಟಿ ಕೇಳಿದ್ದೀಯ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಅತ್ತೆ ಮುನಿಶಾಮಮ್ಮನವರು ಅಷ್ಟೂ ಓದಿದವರಲ್ಲ. ಬುಟ್ಟಿಗೆ ಹೊಟ್ಟು ಹಾಕಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದ ಕಾಲದಿಂದ ಅವರು ಹೇಳಿದ ಕ್ರಮವನ್ನು ನಾನು ಬಿಟ್ಟಿಲ್ಲ, ಏಕೆ ಎಂದು ಕೇಳಿಯೂ ಇಲ್ಲ. ಅದರಿಂದ ಈ ಮನೆಗೆ ಕೆಟ್ಟದ್ದೇನೂ ಆಗಲಿಲ್ಲ. ನಿನ್ನ ಮಾವ ಮುನಿಕೃಷ್ಣಪ್ಪನವರು ಮೊದಲ ಮೆಷಿನ್ ತಂದಾಗಲೂ ಅದೇ ಕ್ರಮವನ್ನು ಮೆಷಿನ್ನಿಗೆ ಕಲಿಸಿದರು.

ಕ್ರಮ ತಪ್ಪಿದರೆ ಏನಾಗುತ್ತದೆ ಎನ್ನುವುದು ನಿನಗೇ ಗೊತ್ತು. ಹೋದ ವರ್ಷದ ಹಿಂದಿನ ದೀಪಾವಳಿಯಲ್ಲಿ ನೀನು ಕೋಲ್ಡ್ ರೂಮಿನಿಂದ ಬಂದ ಮೊಟ್ಟೆಯನ್ನು ಒಂದು ರಾತ್ರಿ ಹೊರಗಿಡದೆ ನೇರ ಮೆಷಿನ್ನಿಗೆ ತುಂಬಿಸಿದೆ. ಅರ್ಧ ಕೊಳೆತುಹೋಯಿತು. "ಇಂಥ ಕೈಗೆ ಬೀಗದ ಕೈ ಕೊಟ್ಟಿದ್ದು ನನ್ನ ತಪ್ಪು," ಎಂದು ಕೆಲಸದವರ ಮುಂದೆ ನಾನು ಅಂದೆ. ಅಂದದ್ದನ್ನು ಇಲ್ಲವೆನ್ನುವುದಿಲ್ಲ. ಅದೇ ವಾರ ನೀವಿಬ್ಬರೂ ಸಾಮಾನು ಕಟ್ಟಿದಿರಿ.

ಆದ್ದರಿಂದ ಪಟ್ಟಿಯ ಮಾತು ಬೇಡ. ಹಳೆಯದನ್ನು ವಾಪಸ್ ಹಾಕಲು ಆಗುತ್ತದೆ ಎಂದು ನೀನೇ ಬರೆದಿದ್ದೀಯ. ಹಾಕಿಕೊಡು.

ಲಾಲ್ ಸಾಬ್ ನಿನ್ನ ಮನೆಯ ಟೀ ಹೊಗಳಿದ. "ಇಂದಮ್ಮಂದು ಚಾ ಅಂದ್ರೆ ಚಾ. ನಿಮ್ದು ಬಿಸ್ನೀರು," ಎಂದ. ಮೂವತ್ತು ವರ್ಷದಿಂದ ಆ ಬಿಸಿನೀರು ಕುಡಿದೇ ಗಟ್ಟಿಯಾಗಿದ್ದಾನೆ.

ಆ ಮೊಟ್ಟೆ ರಾಜಾನುಕುಂಟೆ ಫಾರ್ಮಿನದು ಎಂದು ಅಶ್ವತ್ಥನಿಗೆ ಹೇಳು.

ಆಶೀರ್ವಾದ.

ಸುಬ್ಬಮ್ಮ


ಆರ್.ಟಿ. ನಗರ
24 ಜೂನ್ 2015

ಅತ್ತೆಯವರಿಗೆ ನಮಸ್ಕಾರ.

ನೀವು ಕೇಳಿದ್ದು ಇದರ ಜೊತೆಗಿದೆ. ಹಳೆಯ ಪದ್ಧತಿಯನ್ನು ವಾಪಸ್ ಹಾಕಲು ಏನೇನು ಟೈಪ್ ಮಾಡಬೇಕೆಂದು ಆ ಹಾಳೆಯಲ್ಲಿ ಬಿಡಿಸಿ ಬರೆದಿದ್ದೇನೆ. ಶರತ್ ಓದಿಕೊಂಡು ಮಾಡಬಹುದು. ಅರ್ಧ ಗಂಟೆಯ ಕೆಲಸ. ಮಾಡಿದ ಮೇಲೆ ಮೊದಲಿನ ಹಾಗೇ ಒಂದಾದ ಮೇಲೆ ಒಂದು ಏಳುತ್ತವೆ.

ಒಂದು ವಿಷಯ ಹೇಳದೆ ಇರಲಾರೆ. ಹಳೆಯದಕ್ಕೆ ಗೊತ್ತಿರುವುದು ಸರದಿ ಮಾತ್ರ. ಹಿಂದಿನವರು ಎದ್ದರೋ ಇಲ್ಲವೋ ಎಂದು ಅದು ತಿರುಗಿ ನೋಡುವುದಿಲ್ಲ. ಫ್ಯಾನನ್ನು ಕರೆದು, ಅದು ಏಳದಿದ್ದರೂ ಮುಂದಿನ ಸರದಿ ಬಂತೆಂದು ಹೀಟರನ್ನು ಎಬ್ಬಿಸುತ್ತದೆ. ಆರು ವರ್ಷದಲ್ಲಿ ಫ್ಯಾನ್ ಒಂದು ಸಲವೂ ಕೈಕೊಡಲಿಲ್ಲ, ಅಷ್ಟೇ. ನಾಲ್ಕು ಸಾವಿರ ಮರಿ ಆಗಬೇಕಾದ ಮೊಟ್ಟೆಯನ್ನು ಅದರ ಮೇಲೆ ಬಿಡುವುದು ನಿಮ್ಮ ಇಷ್ಟ.

ದೀಪಾವಳಿಯ ವಿಷಯ ನೀವೇ ತೆಗೆದಿದ್ದರಿಂದ ಇಷ್ಟು ಬರೆಯುತ್ತೇನೆ. ಮೊಟ್ಟೆಯನ್ನು ಒಂದು ರಾತ್ರಿ ಹೊರಗೆ ಏಕಿಡಬೇಕು ಎಂದು ನಾನು ನಿಮ್ಮನ್ನು ಕೇಳಿದ್ದೆ. ಮದುವೆಯಾಗಿ ಬಂದ ವರ್ಷ ಒಮ್ಮೆ, ಆಮೇಲೆ ಇನ್ನೊಮ್ಮೆ. "ಇಡಬೇಕು ಅಂದ್ರೆ ಇಡಬೇಕು," ಎಂದಿರಿ. ಈ ಮನೆಯಲ್ಲಿ ಹೊಸಿಲಿಗೆ ನೀರು ಹಾಕುವುದರಿಂದ ಹಿಡಿದು ಎಲ್ಲಕ್ಕೂ ಒಂದು ಕ್ರಮ, ಇದೂ ಅಂಥದ್ದೇ ಎಂದುಕೊಂಡೆ. ಹಬ್ಬದ ಅವಸರದಲ್ಲಿ ಒಂದು ದಿನ ಉಳಿಸೋಣವೆನಿಸಿತು. ಉಳಿಸಿದೆ.

ಮೊಟ್ಟೆ ಏಕೆ ಕೊಳೆಯಿತೆಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ಇಂದು


ಸೋಲದೇವನಹಳ್ಳಿ
8 ಜುಲೈ 2015, ಬುಧವಾರ

ಇಂದುವಿಗೆ,

ಎರಡು ವಾರ ನನ್ನಿಂದ ಕಾಗದವಿಲ್ಲ. ಲಾಲ್ ಸಾಬ್ ಸರದಿ ತಪ್ಪದೆ ಬಂದು, "ಏನಮ್ಮಾ, ಇವತ್ತೂ ಖಾಲಿ ಕೈಯಾ?" ಎಂದು ಕೇಳಿ ಹೋಗುತ್ತಿದ್ದ. ನನ್ನ ಕಾಗದಕ್ಕಿಂತ ನಿನ್ನ ಚಾ ತಪ್ಪಿದ್ದು ಅವನ ಕಷ್ಟ.

ನೀನು ಕೊಟ್ಟ ಹಾಳೆ ನೋಡಿಕೊಂಡು ಶರತ್ ಹಳೆಯದನ್ನೇ ಹಾಕಿದ. ಮೊನ್ನೆ ಸೋಮವಾರ ಮಾಕಳಿಯ ಮೊಟ್ಟೆಗೆಂದು ದೊಡ್ಡ ಮೆಷಿನ್ ಖಾಲಿ ಮಾಡಿ ತೊಳೆಸಿದೆ. ಒಳಗೆ ಒಂದು ಮೊಟ್ಟೆಯೂ ಇರಲಿಲ್ಲ. ಫ್ಯಾನಿನ ಫ್ಯೂಸ್ ಕಿತ್ತು ಸೆರಗಿಗೆ ಕಟ್ಟಿಕೊಂಡೆ. ಕಂಪ್ಯೂಟರ್ ಆರಿಸಿ ಮತ್ತೆ ಹಾಕು ಎಂದು ಶರತ್‌ಗೆ ಹೇಳಿದೆ.

"ಅಮ್ಮ, ಬೇಕಂತ್ಲೇ ಕೆಡಿಸ್ತೀಯಾ?"

"ಕೆಡುತ್ತಾ ಅಂತ ನೋಡ್ತೀನಿ ಕಣೋ. ಹಾಕು."

ಕಂಪ್ಯೂಟರ್ ಎದ್ದಿತು. ಫ್ಯಾನಿನ ಸರದಿ ಬಂತು, ಹೋಯಿತು. ಅದರ ಹಿಂದೆಯೇ ಹೀಟರಿನ ಕೆಂಪು ದೀಪ ಹತ್ತಿತು. ನಮ್ಮ ಹಳೆಯ ಆಳು ಮುನಿಆಂಜಿನಪ್ಪ ಪೊರಕೆ ಹಿಡಿದುಕೊಂಡೇ ಬಗ್ಗಿ ನೋಡಿದ. "ಅಮ್ಮಾವ್ರೇ, ಫ್ಯಾನೇ ಇಲ್ದೆ ಈಟ್ರು ಎದ್ಬುಡ್ತಲ್ಲ! ಇಷ್ಟು ವರ್ಸ ಇಂಗೇ ಇತ್ತಾ?"

ಇಷ್ಟು ವರ್ಷ ಹೀಗೇ ಇತ್ತು. ನೀನು ಬರೆದದ್ದು ಸರಿ.

ಆಮೇಲೆ ಪಟ್ಟಿ ಬರೆಯಲು ಕುಳಿತೆ. ಸುಲಭವೆಂದುಕೊಂಡಿದ್ದೆ, ಎರಡು ದಿನ ಹಿಡಿಯಿತು. ಹಾಳೆ ಇದರ ಜೊತೆಗಿದೆ. ಹೀಟರಿಗೆ ಫ್ಯಾನ್ ಬೇಕು. ಫ್ಯಾನಿಲ್ಲದಿದ್ದರೆ ಬಿಸಿ ಮೇಲೆಯೇ ನಿಂತು ಮೇಲಿನ ಸಾಲು ಬೇಯುತ್ತದೆ, ಕೆಳಗಿನದು ತಣ್ಣಗಾಗಿ ಸಾಯುತ್ತದೆ. ಫ್ಯಾನ್ ಬರದಿದ್ದರೆ ಹೀಟರ್ ಬರಲೇಕೂಡದು, ಬಂದಿದ್ದರೆ ಆರಬೇಕು. ತೇವದ ನೀರಿಗೂ ಫ್ಯಾನ್ ಬೇಕು, ಇಲ್ಲವಾದರೆ ನೀರು ಒಂದೇ ಕಡೆ ಕೂತು ಬೂಸ್ಟು ಬರುತ್ತದೆ. ಟ್ರೇ ಮೋಟರಿಗೆ ಯಾರೂ ಬೇಡ. ಆದರೆ ಜನರೇಟರಿನ ಮೇಲಿದ್ದಾಗ ಫ್ಯಾನಿನ ಜೊತೆಗೇ ಏಳಬಾರದು, ಭಾರ ತಡೆಯುವುದಿಲ್ಲ.

ಹೊರಗಿನ ಓಣಿಯ ದೀಪ ಎಲ್ಲಕ್ಕಿಂತ ಮೊದಲು ಹತ್ತಬೇಕು ಎಂದು ನಿನಗೆ ಹೇಳಿದ್ದೆನಲ್ಲ, ನೀನೂ ಅದಕ್ಕೆ ಒಂದನೇ ಸಂಖ್ಯೆ ಕೊಟ್ಟಿದ್ದೀಯಂತೆ. ಅದು ಏಕೆಂದು ನನಗೇ ಹೊಳೆಯಲಿಲ್ಲ. ಮುನಿಆಂಜಿನಪ್ಪನನ್ನು ಕೇಳಿದೆ. ನಿನ್ನ ಮಾವನ ಕಾಲದಲ್ಲಿ ಆ ಓಣಿ ಮಣ್ಣಿನದು, ಹೊಟ್ಟಿನ ಮೂಟೆಗಳ ಸಂದಿಯಲ್ಲಿ ಹಾವು ಇರುತ್ತಿತ್ತಂತೆ. ಕಾಂಕ್ರೀಟ್ ಹಾಕಿ ಹದಿನೆಂಟು ವರ್ಷವಾಯಿತು. ಆ ದೀಪ ಇನ್ನು ಯಾವಾಗ ಬೇಕಾದರೂ ಹತ್ತಲಿ.

ಹಾಳೆಯ ಕೊನೆಯಲ್ಲಿರುವುದು ಕಂಪ್ಯೂಟರಿಗೆ ಸಂಬಂಧಿಸಿದ್ದಲ್ಲ. ಆದರೂ ಬರೆದಿದ್ದೇನೆ. ಕೋಲ್ಡ್ ರೂಮಿನ ಮೊಟ್ಟೆಯನ್ನು ಬಂದ ಕೂಡಲೇ ಕಾವಿಗೆ ಇಟ್ಟರೆ ಅದು ಬೆವರುತ್ತದೆ. ಆ ಬೆವರಿನ ಜೊತೆಗೆ ಸಿಪ್ಪೆಯ ಮೇಲಿನ ಕೊಳೆ ಒಳಗೆ ಇಳಿಯುತ್ತದೆ. ಮೆಷಿನ್ನಿನ ಶಾಖದಲ್ಲಿ ಒಳಗಿಂದ ಕೊಳೆಯುತ್ತದೆ. ಒಂದು ರಾತ್ರಿ ಕೋಣೆಯಲ್ಲಿಟ್ಟರೆ ನಿಧಾನವಾಗಿ ಕೋಣೆಯ ಹದಕ್ಕೆ ಬರುತ್ತದೆ. ಇಷ್ಟೇ ಕಾರಣ.

ನನ್ನ ಅತ್ತೆ ಇದನ್ನು ನನಗೆ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ. ನನಗೆ ಗೊತ್ತಾದದ್ದು ತೊಂಬತ್ತೊಂದನೇ ಇಸವಿಯಲ್ಲಿ, ಹೆಬ್ಬಾಳದಲ್ಲಿ ನಾಲ್ಕು ದಿನದ ತರಬೇತಿಗೆ ಹೋಗಿದ್ದಾಗ. ನೀನು ಕೇಳಿದ ಎರಡು ಸಲವೂ ನನಗೆ ಕಾರಣ ಗೊತ್ತಿತ್ತು. ಹೇಳಿದರೆ ನನ್ನ ಮಾತಿನ ತೂಕ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.

ಆವತ್ತು ತಪ್ಪಿದ್ದು ನಿನ್ನ ಕೈಯಲ್ಲ.

ಫ್ಯೂಸ್ ವಾಪಸ್ ಹಾಕಿದ್ದೇನೆ.

ಸುಬ್ಬಮ್ಮ


ಆರ್.ಟಿ. ನಗರ
12 ಜುಲೈ 2015

ಅತ್ತೆಯವರಿಗೆ ನಮಸ್ಕಾರ.

ಪಟ್ಟಿ ಚೆನ್ನಾಗಿದೆ. ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಬಿಡಿಸಿ ಬರೆಯಲು ಬರುವುದಿಲ್ಲ. ಹಾವಿನ ವಿಷಯ ಓದಿ ಇಬ್ಬರೂ ನಕ್ಕೆವು. ಆರು ವರ್ಷ ಒಂದು ಕಂಪ್ಯೂಟರ್ ಎದ್ದಾಗಲೆಲ್ಲ ಇಲ್ಲದ ಹಾವಿಗೆ ದೀಪ ತೋರಿಸಿದೆ.

ಹಾಳೆಯ ಕೊನೆಯಲ್ಲಿದ್ದದ್ದನ್ನು ಎರಡು ಸಲ ಓದಿದೆ. ಆಮೇಲೆ ಮನೆಯವರಿಗೆ ಕೊಟ್ಟೆ. ಅವರು ಓದಿ, ಮಡಿಸಿ, ಅಂಗಡಿಗೆ ಹೋಗುವಾಗ ಜೇಬಿಗೆ ಹಾಕಿಕೊಂಡು ಹೋದರು. ಹಾಗಾಗಿ ಅದರ ಪ್ರತಿ ಈಗ ನನ್ನ ಹತ್ತಿರವಿಲ್ಲ. ಬೇಕಾಗಿಯೂ ಇಲ್ಲ, ನೆನಪಿದೆ.

ಹೊಸ ಪದ್ಧತಿಗೆ ಬೇಕಾದ್ದನ್ನೆಲ್ಲ ಬರೆದು ಮುಗಿಸಿದ್ದೇನೆ. ಅದರಲ್ಲಿ ಎರಡು ಮಾತುಗಳಿವೆ. ಒಂದು, 'ಇದರ ನಂತರ'. ಅದು ಸರದಿ ಮಾತ್ರ. ಇನ್ನೊಂದು, 'ಇದು ಬೇಕು'. ಅದನ್ನು ಬರೆದರೆ, ಆ ಇನ್ನೊಬ್ಬರು ಏಳದಿದ್ದಾಗ ಇವರೂ ಏಳುವುದಿಲ್ಲ. ಹೀಟರಿಗೆ ಎರಡನ್ನೂ ಬರೆದಿದ್ದೇನೆ. ಫ್ಯಾನಿನ ನಂತರ, ಫ್ಯಾನಿದ್ದರೆ ಮಾತ್ರ. ನಡುವೆ ಫ್ಯಾನ್ ನಿಂತುಹೋದರೆ ಹೀಟರನ್ನು ಆರಿಸುವಂತೆಯೂ ಸೇರಿಸಿದ್ದೇನೆ. ಮೊದಲ ದಿನ ನೀವು ನನಗೆ ಕಾರಣ ಹೇಳಿದ್ದರೆ ನಾನು ಹೀಗೇ ಬರೆಯುತ್ತಿದ್ದೆ ಎಂದು ಹೇಳಲಾರೆ. ಆಗ ನನಗೂ ಇಷ್ಟು ಗೊತ್ತಿರಲಿಲ್ಲ.

ಇಲ್ಲಿ ನನ್ನ ಲ್ಯಾಪ್‌ಟಾಪಿಗೆ ಫ್ಯಾನ್, ಹೀಟರಿನ ಬದಲು ಬಲ್ಬು ಜೋಡಿಸಿ ನೋಡಿದ್ದೇನೆ, ಸರಿಯಾಗಿದೆ. ಆದರೆ ಬಲ್ಬಿಗೂ ಮೆಷಿನ್ನಿಗೂ ವ್ಯತ್ಯಾಸವಿದೆ. ನಿಮ್ಮ ಜನರೇಟರಿನ ಮೇಲೆ, ನೀವು ಮಾಡಿದ ಹಾಗೇ ಫ್ಯೂಸ್ ಕಿತ್ತು ನೋಡಬೇಕು. ಗುರುವಾರ ಮೊಟ್ಟೆ ಬರುತ್ತದೆ ಎಂದು ಲಾಲ್ ಸಾಬ್ ಹೇಳಿದರು. ಅದಕ್ಕೆ ಮೊದಲು ಆಗಬೇಕು.

ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿದ್ದೇನೆ. ಲಾಲ್ ಸಾಬ್ ಕೈಯಲ್ಲಿ ಕಳಿಸಿದರೆ ಶರತ್ ಹಾಕಿಕೊಳ್ಳಬಹುದು. ಇಲ್ಲವೆಂದರೆ ನಾನು ಬರಬಹುದು. ಶರತ್ ಸಾಕೋ, ನಾನು ಬರಬೇಕೋ, ನೀವು ಹೇಳಿ.

ಇಂದು


ಸೋಲದೇವನಹಳ್ಳಿ
15 ಜುಲೈ 2015, ಬುಧವಾರ

ಚಿ. ಸೌ. ಇಂದುವಿಗೆ ಆಶೀರ್ವಾದ.

ನೀನೇ ಬಾ. ಕಾರಣ: ಶರತ್‌ಗೆ ಏನು ಹೇಳಿದರೂ "ಆಯ್ತಮ್ಮ" ಎನ್ನುತ್ತಾನೆ. ಏಕೆ ಎಂದು ಕೇಳುವುದಿಲ್ಲ. ಅದರಿಂದ ಆದ ನಷ್ಟ ಸಾಕು.

ನಾಳೆ ಬೆಳಗ್ಗೆ ಏಳಕ್ಕೆ ಲಾಲ್ ಸಾಬ್ ಬಾಗಿಲಿಗೆ ಬರುತ್ತಾನೆ. ಬಸ್ಸು ಹತ್ತಬೇಡ. ಕಾರಣ: ಹೆಸರಘಟ್ಟ ರಸ್ತೆ ಅಗೆದಿದ್ದಾರೆ, ಬಸ್ಸುಗಳು ಸುತ್ತು ಹಾಕಿಕೊಂಡು ಬರುತ್ತಿವೆ.

ತಿಂಡಿ ತಿಂದು ಬರಬೇಡಿ. ಕಾರಣ: ರೊಟ್ಟಿಗೆ ನಿಮ್ಮಿಬ್ಬರನ್ನೂ ಸೇರಿಸಿ ಹಿಟ್ಟು ಹೇಳಿದ್ದೇನೆ, ಮಿಕ್ಕರೆ ಮುನಿಆಂಜಿನಪ್ಪ ಮೂರು ದಿನ ಅದನ್ನೇ ಆಡಿಕೊಳ್ಳುತ್ತಾನೆ.

ಇಬ್ಬರೂ ಎಂದೆ. ಅಶ್ವತ್ಥ ಒಂದು ದಿನ ಅಂಗಡಿ ಮುಚ್ಚಲಿ. ಕಾರಣ: ಟ್ರೇ ಮೋಟರ್ ಕಿರ್ ಎನ್ನುತ್ತಿದೆ. ಯಶವಂತಪುರದಲ್ಲಿ ಕೂತು ಊರವರ ಮೋಟರನ್ನೆಲ್ಲ ರಿಪೇರಿ ಮಾಡುತ್ತಾನಂತೆ, ಹೆತ್ತವಳ ಮೋಟರನ್ನೂ ಒಮ್ಮೆ ನೋಡಲಿ. ಆ ಹಾಳೆ ಅವನ ಜೇಬಿನಲ್ಲೇ ಇರಲಿ, ವಾಪಸ್ ತರುವುದು ಬೇಡ.

ನಾಡಿದ್ದಿನಿಂದ ಆಷಾಢ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂದು ನೆಪ ತೆಗೆಯಬೇಡ. ಅದು ಹೊಸ ಸೊಸೆಗೆ. ನಿನಗೆ ಮದುವೆಯಾಗಿ ಒಂಬತ್ತು ವರ್ಷವಾಯಿತು.

ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನು ಮುನಿಆಂಜಿನಪ್ಪನನ್ನು ಕೇಳಿ ತೆಗೆದುಕೋ. ಕೆಲಸದವರೆಲ್ಲ ಇರುವಾಗಲೇ ಕೇಳು. ನಿನಗೆ ಕೊಡಬೇಕೆಂದು ಎಲ್ಲರ ಮುಂದೆಯೇ ಅವನಿಗೆ ಹೇಳಿದ್ದೇನೆ.

ಹತ್ತು ಗಂಟೆಯೊಳಗೆ ನಿನ್ನ ಹೊಸದನ್ನು ಹಾಕು. ಫ್ಯೂಸ್ ನಾನೇ ಕೀಳುತ್ತೇನೆ. ಹೀಟರ್ ಏಳಬಾರದು. ಎದ್ದರೆ ನಾನು ಸುಮ್ಮನಿರುವುದಿಲ್ಲ, ಈಗಲೇ ಹೇಳಿದ್ದೇನೆ.

ಹನ್ನೊಂದಕ್ಕೆ ಮಾಕಳಿಯ ಮೊಟ್ಟೆ ಬರುತ್ತದೆ. ತಣ್ಣಗಿರುತ್ತದೆ, ಬಂದ ಕೂಡಲೇ ಒಳಗೆ ಇಡುವ ಹಾಗಿಲ್ಲ. ಶುಕ್ರವಾರ ಬೆಳಗ್ಗೆ ನಿನ್ನ ಕೈಯಿಂದಲೇ ಕಾವಿಗೆ ಕೂರಬೇಕು.

ಒಂದು ರಾತ್ರಿಗೆ ಆಗುವಷ್ಟು ಬಟ್ಟೆ ತಾ. ಕಾರಣ ನಿನಗೆ ಗೊತ್ತಿದೆ.

ನಿನ್ನ ಅತ್ತೆ,
ಸುಬ್ಬಮ್ಮ